ಹೆಬ್ಬೆಟ್ಟು ಊರ್ಕೊಂಡ್ ಇಳಿ: ಮಳೆಗಾಲದ ಇಳಿಜಾರಿಗೆ ಸೈಕಲ್ ಟೈರ್

1/9

ಫೋಟೊದಲ್ಲಿ ಕಾಣ್ತಿರೋದು ನಮ್ಮನೆ ಅಟ್ಟ. ಎಡಗಡೆ ರಾಶಿ ಬಿದ್ದಿರೋದು ಕೊಬ್ಬರಿಗೆ ಅಂತ ಬಿಟ್ಟಿರೋ ಕಾಯಿ. ಬಲಗಡೆ ಮೂಲೇಲಿ ಗೋಣಿಚೀಲ ಹೊದ್ಕೊಂಡು ಮಲಗಿರೋದು ನನ್ನ ಸೈಕಲ್. ಶೆಟ್ಟಿಕೆರೆ, ತಿಪಟೂರು, ತುರುವೇಕೆರೆ ಕಡೆಯೋರಿಗೆ ಗೊತ್ತೇ ಇದೆ, ಅಟ್ಟ ಹತ್ತಿದ ಕಾಯಿ ಹತ್ತು ಹನ್ನೊಂದು ತಿಂಗಳು ಕೆಳಗಿಳಿಯಲ್ಲ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದ್ರೆ ಗಿಟುಕು ಲೊಟಲೊಟ ಅಂದ್ಮೇಲೇ ಅದು ಕೊಬ್ಬರಿ. ನನ್ನ ಸೈಕಲ್ಲಿಗೂ ಅಪ್ಪ ಅದೇ ವನವಾಸ ಕೊಟ್ರು.

ಹೋದ ವರ್ಷ ಅಕ್ಟೋಬರ್, ಚಿತ್ತೆ ಮಳೆ. ಗುಡ್ಡದ ಇಳಿಜಾರಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರ್ಕೊಂಡೆ. ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೂ ಪೆನ್ನು ಹಿಡಿದ್ರೆ ಹತ್ತು ನಿಮಿಷಕ್ಕೆ ಕೈ ನಡುಗ್ತಿತ್ತು. ಎರಡು ಪೇಪರ್ ಹೋಯ್ತು, ಅದರಲ್ಲಿ ಒಂದು ಕಾಸ್ಟ್ ಅಕೌಂಟಿಂಗ್. ಆ ಸಲ ಕಾಯಿ ಕೆಡವಿದಾಗ ಗಾಡಿಗೆ ತುಂಬೋಕೆ ನಾನಿರಲಿಲ್ಲ. ಅಪ್ಪ ಕೂಲಿ ಕೊಟ್ಟು ಆಳು ಕರೆಸಿದ್ರು.

ಅಟ್ಟಕ್ಕೆ ಏರಿಸೋವಾಗ ಅಪ್ಪ ಬೈಲಿಲ್ಲ. "ಯಾಕೆ ಬಿದ್ದೆ ಅಂತ ಸರ್ಯಾಗಿ ಹೇಳ್ಲಾ, ಅವತ್ತು ಇಳಿಸಿಕೊಡ್ತೀನಿ" ಅಂದ್ರು.

"ಮಳೆ ಅಪ್ಪ."

"ಮಳೆ ಊರಿಗೆಲ್ಲ ಬಿತ್ತು. ನೀನೊಬ್ನೇ ಯಾಕೆ ಬಿದ್ದೆ?"

ಉತ್ತರ ಹುಡುಕೋಕೆ ನಂಗೆ ಹತ್ತು ತಿಂಗಳು ಬೇಕಾಯ್ತು. ಅದನ್ನ ಒಂಬತ್ತು ಪೋಸ್ಟಲ್ಲಿ ಬರೀತಿದೀನಿ. "ಬ್ರೋ ಮಳೆಗಾಲಕ್ಕೆ ಯಾವ ಟೈರ್ ಹಾಕ್ಲಿ" ಅಂತ ಮೆಸೇಜ್ ಮಾಡಿದೋರಿಗೂ ಇದೇ ಉತ್ತರ.

2/9

ರೀಲ್ ನೋಡಿದೋರಿಗೆ ಗೊತ್ತಿರೋದು ಕೊನೇ ನಾಲ್ಕು ಸೆಕೆಂಡ್ ಮಾತ್ರ. ಫ್ರೆಂಡ್ ಕೆಳಗೆ ನಿಂತು ವಿಡಿಯೊ ಮಾಡ್ತಿದ್ದ. ನಾನು ಹಾರಿ ಬೀಳೋ ಜಾಗಕ್ಕೆ ಸರಿಯಾಗಿ ಹಾಡು ಕೂಡಿಸಿ ಹಾಕಿದ್ವಿ. ನನ್ನ ಅಕೌಂಟಲ್ಲಿ ಅಷ್ಟು ವ್ಯೂಸ್ ಬೇರೆ ಯಾವ್ದಕ್ಕೂ ಬಂದಿಲ್ಲ.

ಅದಕ್ಕೂ ಮುಂಚೆ ಆಗಿದ್ದು ಹೀಗೆ. ನನ್ನ ಸೈಕಲ್ಲಿಗೆ ಕಂಪನಿಯಿಂದ ಬಂದಿದ್ದು ಬಟನ್ ಟೈರ್. ಅದೇ, ಮೈಮೇಲೆ ಗಂಟುಗಂಟು ರಬ್ಬರ್ ಇರೋದು. ಟಾರ್ ರೋಡಲ್ಲಿ ಗುರ್ರ್ ಅಂತ ಸದ್ದು ಮಾಡುತ್ತೆ, ತುಳಿಯೋಕೂ ಭಾರ ಅಂತ ಬಿಚ್ಚಿಸಿ, ನಡುವೆ ನುಣುಪಾಗಿರೋ ಟೈರ್ ಹಾಕಿಸಿದ್ದೆ. ಗಾಳಿ 60 ಪಿಎಸ್‌ಐ. ಕಲ್ಲಿನ ಥರ ಗಟ್ಟಿ ಇದ್ರೆ ಜಾಸ್ತಿ ಓಡುತ್ತೆ ಅನ್ನೋದು ನನ್ನ ಲೆಕ್ಕ. ರೋಡಲ್ಲಿ ಅದು ಓಡ್ತು ಕೂಡ.

ಅವತ್ತು ಸಂಜೆ ಹತ್ತು ನಿಮಿಷ ಮಳೆ ಬಂದು ನಿಂತಿತ್ತು. ಚಿಕ್ಕನಾಯಕನಹಳ್ಳಿ ಕಡೆ ಗುಡ್ಡಗಳ ಮಣ್ಣು ನೋಡಿರ್ತೀರ, ಮೇಲೆ ತೆಳ್ಳಗೆ ಕೆಮ್ಮಣ್ಣು, ಕೆಳಗೆ ಗಟ್ಟಿ ಗರಸು. ಬಂಡಿ ಜಾಡಲ್ಲಿ ಇಳೀತಾ ಎರಡನೇ ತಿರುವಿಗೆ ಬಂದೆ. ಹ್ಯಾಂಡಲ್ ತಿರುಗಿಸಿದೆ, ಚಕ್ರ ತಿರುಗ್ತು, ಸೈಕಲ್ ಮಾತ್ರ ನೆಟ್ಟಗೆ ಹೋಯ್ತು. ಮುಂದಿನ ಬ್ರೇಕ್ ಹಿಡಿದೆ. ಆಮೇಲಿಂದು ರೀಲಲ್ಲಿತ್ತು.

ಇತ್ತು ಅಂತ ಯಾಕಂದೆ ಅಂದ್ರೆ, ನಿನ್ನೆ ಅದನ್ನ ಡಿಲೀಟ್ ಮಾಡ್ದೆ. ಒಂಬತ್ತನೇ ಕ್ಲಾಸಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಅದನ್ನ ಕ್ಲಾಸಿನೋರಿಗೆಲ್ಲ ತೋರಿಸಿ, "ನಾನು ಇದೇ ಜಾಗದಲ್ಲಿ ಬೀಳ್ದೆ ಇಳಿದು ತೋರಿಸ್ತೀನಿ" ಅಂತ ಬೆಟ್ ಕಟ್ಟಿದಾನೆ. ಈಗ ಮಘೆ ಮಳೆ ಶುರು. ಅವನ ಸೈಕಲ್ ಟೈರ್ ಸವೆದು ನನ್ನದಕ್ಕಿಂತ ನುಣ್ಣಗಾಗಿದೆ.

3/9

ಚಿಕ್ಕೋರಿದ್ದಾಗ ಮಳೇಲಿ ತೋಟಕ್ಕೆ ಹೊರಟ್ರೆ ಅಜ್ಜಿ ಹಿಂದಿನಿಂದ ಕೂಗೋರು: "ಹೆಬ್ಬೆಟ್ಟು ಊರ್ಕೊಂಡ್ ನಡಿಯೋ, ಜಾರ್ತದೆ!" ಟೈರ್ ಬಗ್ಗೆ ನಾನು ನೋಡಿದ ಅಷ್ಟೂ ವಿಡಿಯೊಗಳ ಸಾರ ಈ ಒಂದು ಮಾತಲ್ಲಿದೆ.

ಕೆಸರಲ್ಲಿ ಪೂರ್ತಿ ಪಾದ ಚಪ್ಪಟೆ ಇಟ್ರೆ ಜಾರುತ್ತೆ. ಬೆರಳು ಊರಿದ್ರೆ ಮೇಲಿನ ಲೊಳಲೊಳ ಪದರ ದಾಟಿ ಕೆಳಗಿನ ಗಟ್ಟಿ ನೆಲ ಸಿಗುತ್ತೆ. ಟೈರಿನ ಬಟನ್ ಮಾಡೋ ಕೆಲಸ ಅದೇ. ನುಣ್ಣನೆ ಟೈರ್ ಅಂದ್ರೆ ಸವೆದ ಹವಾಯಿ ಚಪ್ಪಲಿ.

ಎತ್ತರ ಒಂದೇ ಸಾಲದು. ಟ್ರಾಕ್ಟರಿನ ಹಿಂದಿನ ಟೈರ್ ಗಮನಿಸಿ. ದಪ್ಪ ಪಟ್ಟಿಗಳು, ನಡುವೆ ಅಂಗೈ ತೂರೋಷ್ಟು ಜಾಗ. ಆ ಖಾಲಿ ಜಾಗ ಯಾಕೆ? ತುಂಬ್ಕೊಂಡ ಮಣ್ಣು ಚಕ್ರ ತಿರುಗಿದಾಗ ಕಳಚಿ ಬೀಳ್ಲಿ ಅಂತ. ಜಾಗ ಕಿರಿದಾದ್ರೆ ಮಣ್ಣು ಅಲ್ಲೇ ಕೂತು ಒಣಗಿ, ಬಟನ್ ಇದ್ದೂ ಇಲ್ಲದಂಗೆ. ಆಗ ನಾವು ಓಡಿಸ್ತಿರೋದು ಟೈರಲ್ಲ, ಮಣ್ಣಿನ ಉಂಡೆ. ಅದಕ್ಕೇ ಕೆಸರಿನ ಟೈರಲ್ಲಿ ಬಟನ್ ಕಮ್ಮಿ, ಎತ್ತರ ಜಾಸ್ತಿ, ನಡುವೆ ಅಂತರ ಜಾಸ್ತಿ.

ಬಟನ್‌ಗಳಿಗೂ ಕೆಲಸ ಹಂಚಿದೆ. ನಡುವಿನ ಸಾಲು ಬ್ರೇಕಿಗೆ ಮತ್ತು ತುಳಿಯೋಕೆ. ಪಕ್ಕದ ಸಾಲು ತಿರುವಿಗೆ, ಸೈಕಲ್ ವಾಲಿದಾಗ ನೆಲ ಹಿಡಿಯೋದು ಅದೇ. ಟೈರ್ ಕೊಳ್ಳೋವಾಗ ಎಲ್ರೂ ನಡುವಿನ ಸಾಲು ನೋಡ್ತಾರೆ. ಪಕ್ಕದ್ದನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ. ಸುಲಭವಾಗಿ ಮಡಚ್ಕೊಂಡ್ರೆ ತಿರುವಿನಲ್ಲೂ ಹಂಗೇ ಮಡಚ್ಕೊಳತ್ತೆ.

4/9 (ಇದನ್ನ ಸೇವ್ ಮಾಡ್ಕೊಳಿ)

"ಕೆಸರಿಗೆ ಯಾವ ಟೈರ್" ಅನ್ನೋದು ಅರ್ಧ ಪ್ರಶ್ನೆ. ಯಾವ ಕೆಸರು?

ಒಂದು, ಜಾರು ಮಣ್ಣು. ಗರಸಿನ ಮೇಲೆ ತೆಳು ಕೆಮ್ಮಣ್ಣು, ಮೇಲೆ ಹತ್ತು ನಿಮಿಷದ ಮಳೆ. ನಾನು ಬಿದ್ದಿದ್ದು ಇದರಲ್ಲಿ. ನೋಡೋಕೆ ಕೆಸರೇ ಅನ್ಸಲ್ಲ, ಅದೇ ಮೋಸ. ಇದಕ್ಕೆ ತೀರಾ ಉದ್ದದ ಬಟನ್ ಬೇಡ. ಮಧ್ಯಮ ಎತ್ತರ, ಚೂಪಾದ ಅಂಚು, ಮೆತ್ತನೆ ರಬ್ಬರ್ ಸಾಕು.

ಎರಡು, ಅಂಟು ಮಣ್ಣು. ಎರೆ ಹೊಲ, ಕೆರೆ ಗೋಡು ಹೊಡೆಸಿದ ತೋಟ. ನಾಲ್ಕು ಹೆಜ್ಜೆಗೆ ಚಪ್ಪಲಿ ಒಂದೊಂದು ಕೆಜಿ ಆಗೋ ಜಾಗ. ಇಲ್ಲಿ ಟೈರ್ ಎಷ್ಟು ಚೆನ್ನಾಗಿದ್ರೂ ಫೋರ್ಕ್ ಮತ್ತು ಟೈರ್ ನಡುವೆ ಮಣ್ಣು ಸಿಕ್ಕಿ ಚಕ್ರ ನಿಂತೋಗತ್ತೆ. ಅಗಲದ ಟೈರ್ ಹಾಕಿದ್ರೆ ಇನ್ನೂ ಬೇಗ. ಸ್ವಲ್ಪ ಕಿರಿದಾಗಿ, ಬಟನ್ ನಡುವೆ ಅಂತರ ಇರೋದು ವಾಸಿ. ನನ್ನ ಕೇಳಿದ್ರೆ ಇಳಿದು ತಳ್ಕೊಂಡ್ ಹೋಗಿ.

ಮೂರು, ಗಂಜಿ ಮಣ್ಣು. ಹಗಲೂ ರಾತ್ರಿ ಮಳೆ ಹೊಡೆದು ನೀರಾಗಿ ಹರಿಯೋದು. ತಳದಲ್ಲಿ ಗಟ್ಟಿ ನೆಲ ಇರುತ್ತೆ, ಅಲ್ಲಿವರೆಗೆ ಮುಟ್ಟಬೇಕು. ಉದ್ದುದ್ದ ಮುಳ್ಳಿನಂಥ ಬಟನ್ ಇರೋ ಅಪ್ಪಟ ಕೆಸರಿನ ಟೈರ್ ಹುಟ್ಟಿರೋದು ಇದಕ್ಕೇ.

ನಾಲ್ಕನೇದು ಮಣ್ಣೇ ಅಲ್ಲ. ಸಕಲೇಶಪುರ, ಚಿಕ್ಕಮಗಳೂರು ಕಡೆ ಹೋದ್ರೆ ಒದ್ದೆ ಬಂಡೆ, ಒದ್ದೆ ಬೇರು. ಅಲ್ಲಿ ಉದ್ದ ಬಟನ್ ಬಾಗಿ ಓಲಾಡುತ್ತೆ. ಅಲ್ಲಿ ಕಾಪಾಡೋದು ಮೆತ್ತನೆ ರಬ್ಬರ್, ಕಮ್ಮಿ ಗಾಳಿ.

ನಮ್ಮೂರಿಗೇ ಅಂತ ಐದನೇದೂ ಇದೆ: ದಾರೀಲಿ ಬಿದ್ದಿರೋ ಒದ್ದೆ ತೆಂಗಿನ ಮಟ್ಟೆ. ಅದರ ಮೇಲೆ ನಿಲ್ಲೋ ಟೈರ್ ಯಾವ ದೇಶದೋರೂ ಮಾಡಿಲ್ಲ ಗುರು. ಬ್ರೇಕ್ ಬಿಟ್ಟು, ಹ್ಯಾಂಡಲ್ ನೆಟ್ಟಗಿಟ್ಟು ದಾಟಿ. ಇಲ್ಲ ಇಳಿದು ಎತ್ತಿ ಪಕ್ಕಕ್ಕಿಡಿ, ಹಿಂದೆ ಬರೋರಿಗೂ ಒಳ್ಳೇದು.

5/9

ಟೈರಿನ ಪಕ್ಕದ ಬರಹ ಓದೋದು ಕಲೀರಿ. ಬ್ಯಾಲೆನ್ಸ್ ಶೀಟ್ ಓದೋದಕ್ಕಿಂತ ಸುಲಭ.

58-584 ಅಂತಿದ್ರೆ ಅಗಲ 58 ಮಿ.ಮೀ., ರಿಮ್ಮಿನ ಅಳತೆ 584 ಮಿ.ಮೀ. ಇದೇ 27.5 ಇಂಚಿನ ಸೈಕಲ್ಲು. 26 ಇಂಚಿನ ಮೌಂಟನ್ ಬೈಕಿಗೆ 559, 29ಕ್ಕೆ 622. ಇಂಚು ನಂಬಬೇಡಿ, ಈ ಎರಡನೇ ನಂಬರ್ ನಂಬಿ. ತಾತನ ಕಾಲದ ದೊಡ್ಡ ಸೈಕಲ್ಲಿನ 28 ಇಂಚಿನ ಟೈರು 635. 28 ಇಂಚು ಅಂದ್ರೆ 29ಕ್ಕಿಂತ ಚಿಕ್ಕದು ಅಂದ್ಕೋತೀವಿ, ಅದರ ರಿಮ್ಮು 29ಕ್ಕಿಂತ ದೊಡ್ಡದು!

ಬಾಣದ ಗುರುತು ಇದ್ರೆ ಚಕ್ರ ತಿರುಗೋ ದಿಕ್ಕಿಗೆ ಹಾಕಿ. ಪಂಚರ್ ಹಾಕಿಸಿದ ಮೇಲೆ ಉಲ್ಟಾ ಕೂತಿರೋ ಟೈರ್ ನಮ್ಮ ಕಾಲೇಜ್ ಸ್ಟ್ಯಾಂಡಲ್ಲೇ ಮೂರು ನೋಡಿದೀನಿ.

ಹೊರಗಿನ ಕಂಪನಿಗಳಲ್ಲಿ ಕೆಸರಿಗೆ ಅಂತ ಹೆಸರಾದವು: ಮ್ಯಾಕ್ಸಿಸ್‌ನ ಶಾರ್ಟಿ ಮತ್ತು ವೆಟ್ ಸ್ಕ್ರೀಮ್, ಕಾಂಟಿನೆಂಟಲ್‌ನ ಹೈಡ್ರೋಟಾಲ್. ಶ್ವಾಲ್ಬೆ ಮ್ಯಾಜಿಕ್ ಮೇರಿ ಒದ್ದೆ, ಒಣ ಎರಡಕ್ಕೂ ನಡೆಯುತ್ತೆ. ಹೆಸರಿನ ಮುಂದೆ ರಬ್ಬರಿನ ಜಾತಿ ಬರೆದಿರುತ್ತೆ. ಮ್ಯಾಕ್ಸಿಸ್‌ನಲ್ಲಿ ಮ್ಯಾಕ್ಸ್‌ಗ್ರಿಪ್ ಅಂದ್ರೆ ತುಂಬಾ ಮೆತ್ತಗೆ, ಮ್ಯಾಕ್ಸ್‌ಟೆರಾ ನಡುವಿನದು. ಮೆತ್ತಗಿದ್ದಷ್ಟೂ ಹಿಡಿತ ಜಾಸ್ತಿ, ಸವೆಯೋದೂ ಜಾಸ್ತಿ. ಟಾರ್ ರೋಡಲ್ಲಿ ದಿನಾ ತಿಪಟೂರಿಗೆ ತುಳಿಯೋಕೆ ಇಂಥದ್ದು ಹಾಕಿದ್ರೆ ದುಡ್ಡನ್ನ ರೋಡಿಗೆ ಉಜ್ಜಿದಂಗೆ.

2011ರ ವಿಶ್ವ ಚಾಂಪಿಯನ್‌ಶಿಪ್ ಡೌನ್‌ಹಿಲ್, ಸ್ವಿಟ್ಜರ್ಲೆಂಡಿನ ಶಾಂಪೆರಿ. ಮಳೆಗೆ ಇಡೀ ಬೆಟ್ಟ ಕೊಚ್ಚೆ. ಡ್ಯಾನಿ ಹಾರ್ಟ್ ಅನ್ನೋ ಇಂಗ್ಲೆಂಡಿನ ಹುಡುಗ, ಆಗ 19 ವರ್ಷ, 11 ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಗೆದ್ದ. ವಿಡಿಯೊ ಹುಡುಕಿ ನೋಡಿ. ಅವನ ಧೈರ್ಯ ನೋಡೋದಕ್ಕಿಂತ ಮುಂಚೆ ಮುಂದಿನ ಚಕ್ರ ಎಲ್ಲಿಡ್ತಾನೆ ನೋಡಿ. ದೂರದ ಮಾತು ಬೇಡ ಅಂದ್ರೆ, 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದಿದ್ದು ನಮ್ಮ ಗದಗದಲ್ಲೇ.

6/9

ಈಗ ಪುಕ್ಸಟ್ಟೆ ವಿಷಯ: ಗಾಳಿ.

ನನ್ನ ಸೈಕಲ್ ಅಟ್ಟದ ಮೇಲೆ, ಹಾಗಾಗಿ ಪ್ರಯೋಗ ಎಲ್ಲ ತಮ್ಮನ ಸೈಕಲ್ ಮೇಲೆ. ಅವನ ಟೈರಿನ ಮೇಲೆ 30ರಿಂದ 50 ಪಿಎಸ್‌ಐ ಅಂತ ಇತ್ತು. ಮೀಟರ್ ಇರೋ ಪಂಪ್ ಕ್ಲಾಸ್‌ಮೇಟ್ ಹತ್ರ ಇಸ್ಕೊಂಡು ಬಂದೆ. ತೋಟದ ಕಾಲುದಾರಿಗೆ ನಾಲ್ಕು ಬಿಂದಿಗೆ ನೀರು ಹಾಕಿ, ಅವನನ್ನ ನಿಧಾನಕ್ಕೆ ಓಡಿಸಿ, ಮಣ್ಣಲ್ಲಿ ಬಿದ್ದ ಗುರುತು ನೋಡಿದ್ವಿ.

50ರಲ್ಲಿ ಮಣ್ಣಿನ ಮೇಲೆ ಬಿದ್ದಿದ್ದು ನಡುವಿನ ಒಂದು ಗೆರೆ. ಪಕ್ಕದ ಬಟನ್ ನೆಲ ಮುಟ್ಟೇ ಇಲ್ಲ. 40ರಲ್ಲಿ ಅಲ್ಲಲ್ಲಿ. 30ರಲ್ಲಿ ಎರಡೂ ಪಕ್ಕದ ಗುರುತು ನೀಟಾಗಿ ಮೂಡ್ತು. ಟೈರ್ ಅದೇ, ಮಣ್ಣು ಅದೇ, ಹುಡುಗ ಅವನೇ.

ಇನ್ನೂ ಇಳಿಸಿದ್ರೆ ಇನ್ನೂ ಹಿಡಿತ ಅಲ್ವಾ ಅಂತ 22ಕ್ಕೆ ಇಳಿಸಿದೆ. ಮೊದಲನೇ ಕಲ್ಲಿಗೇ ರಿಮ್ಮು ಟಣ್ ಅಂತು, ಟ್ಯೂಬಲ್ಲಿ ಹಾವು ಕಚ್ಚಿದಂಗೆ ಪಕ್ಕಪಕ್ಕ ಎರಡು ತೂತು. ರಿಮ್ಮು ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಆಗೋ ಪಂಚರ್ ಇದು. ದೊಡ್ಡ ಡೌನ್‌ಹಿಲ್ ಸೈಕಲ್ಲೋರು 20-25ರಲ್ಲಿ ಓಡಿಸ್ತಾರೆ, ನಿಜ. ಅವರದ್ದು ಟ್ಯೂಬ್‌ಲೆಸ್, ಒಳಗೆ ತೂತು ಮುಚ್ಚೋ ದ್ರವ, ಟೈರಿನ ಗೋಡೆ ದಪ್ಪ. ಟ್ಯೂಬ್ ಇರೋ ನಾವು ಟೈರ್ ಮೇಲೆ ಬರೆದಿರೋ ಕನಿಷ್ಠಕ್ಕಿಂತ ಕೆಳಗೆ ಹೋಗಬಾರದು. ತೂಕ ಜಾಸ್ತಿ ಇರೋರು ಸ್ವಲ್ಪ ಮೇಲಿರಬೇಕು. ಮುಂದಕ್ಕಿಂತ ಹಿಂದೆ ಎರಡು ಮೂರು ಪಿಎಸ್‌ಐ ಜಾಸ್ತಿ, ನಮ್ಮ ಭಾರ ಹೆಚ್ಚು ಬೀಳೋದು ಅಲ್ಲಿ.

ಅವತ್ತು ನಾನು 60ರಲ್ಲಿದ್ದೆ. ಹೆಬ್ಬೆಟ್ಟು ಊರೋ ಮಾತಿರ್ಲಿ, ಹಿಮ್ಮಡಿ ಮೇಲೆ ಗುಡ್ಡ ಇಳೀತಿದ್ದೆ.

7/9

ದುಡ್ಡಿನ ಮಾತು. ಪ್ಲಾಸ್ಟರ್ ಬಿಚ್ಚಿ ಕೈ ಸರಿಹೋದ ಮೇಲೆ ಕೊಬ್ಬರಿ ಸೀಸನ್ನಲ್ಲಿ ಪರಿಚಯದೋರ ಮನೇಲಿ ಚೀಲ ತುಂಬಿ ಲೋಡ್ ಮಾಡೋಕೆ ಹೋಗಿದ್ದೆ. ಖರ್ಚು ಕಳೆದು ಕೈಯಲ್ಲಿ ಉಳಿದಿದ್ದು 2,400 ರೂಪಾಯಿ. ಹೊರಗಿನ ಕಂಪನಿಯ ಮೆತ್ತನೆ ರಬ್ಬರಿನ ಟೈರ್ ಒಂದಕ್ಕೇ ಅದರ ಎರಡರಷ್ಟು ಬೇಕು. ಎರಡು ಟೈರ್ ಕನಸಲ್ಲೂ ಇಲ್ಲ.

ಒಂದೇ ಟೈರಿಗೆ ದುಡ್ಡಿದ್ರೆ ಮುಂದಕ್ಕಾ ಹಿಂದಕ್ಕಾ? ಅಂಗಡೀಲಿ ಕೇಳಿದ್ರೆ "ಹಿಂದೆ ಬೇಗ ಸವೆಯೋದು, ಹಿಂದಕ್ಕೆ ಹಾಕ್ಸು" ಅಂತಾರೆ. ಸವೆತದ ಲೆಕ್ಕಕ್ಕೆ ಅದು ಸರಿ. ಬೀಳೋ ಲೆಕ್ಕಕ್ಕೆ ತಪ್ಪು. ಹಿಂದಿನ ಚಕ್ರ ಜಾರಿದ್ರೆ ಸೈಕಲ್ ಬಾಲ ಆಡಿಸುತ್ತೆ, ಕಾಲು ಊರಿ ಸುಧಾರಿಸಬಹುದು. ಮುಂದಿನದು ಜಾರಿದ್ರೆ ಯೋಚ್ನೆ ಮಾಡೋಕೂ ಟೈಮ್ ಇರಲ್ಲ, ಕೈ ನೆಲಕ್ಕೆ ಹೋಗಿರುತ್ತೆ. ನನ್ನ ಮಣಿಕಟ್ಟೇ ಸಾಕ್ಷಿ. ಅದಕ್ಕೇ ಒಳ್ಳೇ ಟೈರ್ ಮುಂದಕ್ಕೆ, ಸಾಧಾರಣದ್ದು ಹಿಂದಕ್ಕೆ.

ಕಾಸ್ಟ್ ಅಕೌಂಟಿಂಗಲ್ಲಿ ಸಂಕ್ ಕಾಸ್ಟ್ ಅಂತ ಓದ್ತೀವಲ್ಲ, ಆಗಲೇ ಖರ್ಚಾಗಿ ವಾಪಸ್ ಬರದ ದುಡ್ಡು. ಮುಂದಿನ ತೀರ್ಮಾನಕ್ಕೆ ಅದನ್ನ ಲೆಕ್ಕಕ್ಕೆ ತಗೋಬಾರದು ಅನ್ನೋದು ನಿಯಮ. ನಾನು ನುಣ್ಣನೆ ಟೈರನ್ನೇ ಹಾಕ್ಕೊಂಡು ಗುಡ್ಡಕ್ಕೆ ಹೋಗಿದ್ದು ಯಾಕೆ ಗೊತ್ತಾ? "ಈಗ ತಾನೇ ದುಡ್ಡು ಕೊಟ್ಟು ಹಾಕ್ಸಿದೀನಿ, ಬಿಚ್ಚೋದ್ಯಾಕೆ" ಅಂತ. ಹಳೇ ಬಟನ್ ಟೈರ್ ಮನೇಲೇ ಇತ್ತು. ನೋಟ್ಸಲ್ಲಿ ಅಂಡರ್‌ಲೈನ್ ಮಾಡಿದ್ದನ್ನ ಗುಡ್ಡದ ಮೇಲೆ ಮರೆತೆ. ಆ ಪೇಪರ್ರೇ ಹೋಯ್ತು ನೋಡಿ.

8/9

2,400 ರೂಪಾಯಿ ಜೇಬಲ್ಲಿಟ್ಕೊಂಡು ತಿಪಟೂರಿಗೆ ಹೋದೆ. ಕೇಳಬೇಕು ಅಂದ್ಕೊಂಡಿದ್ದು ನನ್ನ ಸೈಕಲ್ಲಿಗೆ 27.5. ಕೌಂಟರ್ ಮುಂದೆ ನಿಂತಾಗ ತಲೇಲಿ ಓಡ್ತಿದ್ದಿದ್ದು ತಮ್ಮನ ಬೆಟ್. ನನ್ನದು ಅಟ್ಟದ ಮೇಲೆ ಸೇಫಾಗಿದೆ. ಅವನದು ದಿನಾ ರೋಡಲ್ಲಿದೆ. ಅವನಿಗೆ ಗುಡ್ಡದ ಹುಚ್ಚು ಹಿಡಿಸಿದ್ದು ನನ್ನ ರೀಲ್.

26 ಇಂಚಿಂದು ಕೇಳಿದೆ. ಹೊರದೇಶದ್ದಲ್ಲ, ಇಲ್ಲೇ ಸಿಗೋ ಸಾಧಾರಣ ಬಟನ್ ಟೈರು, 2.1 ಇಂಚು ಅಗಲ. ಪಕ್ಕದ ಬಟನ್ ಒತ್ತಿ ನೋಡಿದೆ, ಗಟ್ಟಿ. ನಡುವೆ ಕಿರುಬೆರಳು ತೂರೋಷ್ಟು ಜಾಗ. ಇನ್ನೂ ಅಗಲದ್ದು ಇತ್ತು, ತಗೊಳ್ಳಲಿಲ್ಲ. ಅವನ ಫೋರ್ಕಲ್ಲಿ ಜಾಗ ಕಮ್ಮಿ, ಮಣ್ಣು ಸಿಕ್ಕೊಳತ್ತೆ. ನೀವೂ ಕೊಳ್ಳೋ ಮುಂಚೆ ಇದನ್ನ ಅಳೀರಿ. ಟೈರ್ ಕೂತ ಮೇಲೆ ಸುತ್ತ ಒಂದು ಬೆರಳು ಆಡೋಷ್ಟಾದ್ರೂ ಜಾಗ ಉಳೀಬೇಕು. ಟೈರು, ಹೊಸ ಟ್ಯೂಬು, ಒಂದು ಚಿಕ್ಕ ಗಾಳಿ ಮೀಟರ್, ಎಲ್ಲ ಸೇರಿ ದುಡ್ಡು ಮುಗೀತು.

ಬಸ್ಸಲ್ಲಿ ಟೈರ್ ಹೆಗಲಿಗೆ ಹಾಕ್ಕೊಂಡು ನಿಂತು ಬಂದೆ. ಕಂಡಕ್ಟರ್ ಲಗೇಜ್ ಕೇಳ್ಲಿಲ್ಲ, ಪುಣ್ಯಾತ್ಮ.

ಸಂಜೆ ಅಂಗಳದಲ್ಲಿ ತಮ್ಮನ ಮುಂದಿನ ಚಕ್ರ ಬಿಚ್ಚಿ ಹಾಕ್ತಿದ್ದೆ. ಅಪ್ಪ ಕಾಫಿ ಕುಡೀತಾ ನೋಡ್ತಿದ್ರು. "ನಿನ್ ಸೈಕಲ್ಲಿಗೆ ಅಂತ ದುಡ್ ಕೂಡಿಟ್ಟಿದ್ದಲ್ವಾ?" ಅಂದ್ರು. ಹೂಂ ಅಂದೆ. ಅಲ್ಲಿಂದ ಬಾಯಿ ತೆರೆದೋನು ಹೆಬ್ಬೆಟ್ಟು, ಟ್ರಾಕ್ಟರ್ ಟೈರು, 60 ಪಿಎಸ್‌ಐ, ಮುಂದಿನ ಬ್ರೇಕು, ಹಳೇ ಟೈರ್ ಮನೇಲೇ ಇದ್ದಿದ್ದು, ಎಲ್ಲ ಹೇಳ್ದೆ. ಕೊನೆಗೆ, "ಮಳೆ ಅಲ್ಲ ಅಪ್ಪ. ಟಾರ್ ರೋಡಿನ ಟೈರ್ ಹಾಕ್ಕೊಂಡು ಗುಡ್ಡಕ್ಕೆ ಹೋದೆ. ನೆಲ ಹೆಂಗಿದೆ ಅಂತ ಇಳಿದು ನೋಡ್ಲೇ ಇಲ್ಲ."

ಅಪ್ಪ ಲೋಟ ಕೆಳಗಿಟ್ಟು ಒಳಗೆ ಹೋದ್ರು. ಏನೂ ಹೇಳ್ಲಿಲ್ಲ.

9/9

ಭಾನುವಾರ ಬೆಳಿಗ್ಗೆ ಜಡಿ ಮಳೆ ನಿಂತಿತ್ತು. ತಮ್ಮನ ಕರ್ಕೊಂಡು ಅದೇ ಗುಡ್ಡಕ್ಕೆ ಹೋದೆ. ಸೈಕಲ್ ಕೆಳಗೇ ನಿಲ್ಲಿಸಿ ಇಬ್ರೂ ಮೇಲಕ್ಕೆ ಹತ್ತಿ, ಪೂರ್ತಿ ಜಾಡು ಬರಿಗಾಲಲ್ಲಿ ನಡೆದು ಇಳಿದ್ವಿ. ಎರಡನೇ ತಿರುವಿನಲ್ಲಿ ಅವನೇ ಜಾರಿ ಕುಂಡೆ ಊರಿ ಕೂತ. ನಕ್ಕ. ಆಮೇಲೆ ತಿರುಗಿ ಮೇಲಕ್ಕೆ ನೋಡಿದ. "ಅಣ್ಣಾ, ನೀನಿಲ್ಲಿ ಸೈಕಲ್ಲಲ್ಲಿ ಬಂದ್ಯಾ?" ಅಂದ. ಹೂಂ ಅಂದೆ. ಅವನು ಮತ್ತೆ ನಗಲಿಲ್ಲ.

ಅವತ್ತು ಅವನು ಓಡಿಸಿದ್ದು ಕೆಳಗಿನ ಕೊನೇ ಇಳಿಜಾರು ಮಾತ್ರ, ಉದ್ದ ಹೆಚ್ಚಂದ್ರೆ ಐವತ್ತು ಹೆಜ್ಜೆ. 32 ಪಿಎಸ್‌ಐ, ಹೆಲ್ಮೆಟ್, ತಿರುವಿಗೆ ಮುಂಚೆಯೇ ಬ್ರೇಕ್, ತಿರುವಿನೊಳಗೆ ಬ್ರೇಕ್ ಬಿಟ್ಟು. ಹಿಂದಿನ ಚಕ್ರ ಒಂದ್ಸಲ ಬಾಲ ಆಡಿಸ್ತು. ಮುಂದಿನದು ನೆಲ ಬಿಡ್ಲಿಲ್ಲ. ಬೆಟ್ ಕಟ್ಟಿದೋರಿಗೆ ಏನು ಹೇಳಿದ್ನೋ ಗೊತ್ತಿಲ್ಲ, ಮೇಲಿಂದ ಇಳೀತೀನಿ ಅನ್ನೋ ಮಾತಂತೂ ನಿಲ್ಸಿದಾನೆ.

ಮನೆಗೆ ಬಂದಾಗ ನನ್ನ ಸೈಕಲ್ ಏಣಿ ಬುಡದಲ್ಲಿತ್ತು. ಗೋಣಿಚೀಲ ಮಡಚಿ ಸೀಟ್ ಮೇಲೆ ಇಟ್ಟಿತ್ತು. ಎರಡೂ ಟೈರಲ್ಲಿ ಗಾಳಿ ಇಲ್ಲ. ಹತ್ತು ತಿಂಗಳಿಗೆ ಇಳಿದುಹೋಗಿದ್ದೋ, ಅಪ್ಪನೇ ಬಿಟ್ಟಿದ್ದೋ ಕೇಳೋಕೆ ಹೋಗ್ಲಿಲ್ಲ. ಅಪ್ಪ ಹೇಳಿದ್ದು ಒಂದೇ ಮಾತು: "ಕಾಲೇಜಿಗೆ ತಗೊಂಡೋಗು. ಗುಡ್ಡ ಆ ಎರಡು ಪೇಪರ್ ಪಾಸಾದ್ಮೇಲೆ."

ಸರಿ ಅಂದೆ. ಅಷ್ಟರಲ್ಲಿ ಮುಂದಿನ ಟೈರಿಗೆ ದುಡ್ಡು ಕೂಡಿಸ್ಬೇಕು. ಸದ್ಯಕ್ಕೆ ಹಳೇ ಬಟನ್ ಟೈರ್ ಹಾಕ್ಕೊಂಡಿದೀನಿ, ಟಾರ್ ರೋಡಲ್ಲಿ ಗುರ್ರ್ ಅನ್ನುತ್ತೆ, ಅನ್ನಲಿ.

ಯಾವ ಟೈರ್ ಅಂತ ಕೇಳಿದೋರಿಗೆ: ಮೊದಲು ನಿಮ್ಮ ಇಳಿಜಾರನ್ನ ಮಳೇಲಿ ಒಂದ್ಸಲ ನಡೆದು ಇಳೀರಿ. ಚಪ್ಪಲಿಗೆ ಅಂಟ್ತಾ, ಜಾರ್ತಾ, ಹೂಳ್ಕೊಳತ್ತಾ ನೋಡಿ. ಆಮೇಲೆ ಗಾಳಿ ನೋಡಿ. ಅಂಗಡಿಗೆ ಹೋಗೋದು ಅದಾದ್ಮೇಲೆ. ನಿಮ್ಮೂರ ಮಣ್ಣು ಯಾವ ಥರದ್ದು ಅಂತ ಕಾಮೆಂಟಲ್ಲಿ ಬರೀರಿ. ನಿಮಗಿಂತ ಚಿಕ್ಕ ತಮ್ಮನೋ ತಂಗಿಯೋ ಸೈಕಲ್ ಓಡಿಸ್ತಿದ್ರೆ ಇವತ್ತು ಸಂಜೆ ಅವರ ಮುಂದಿನ ಟೈರ್ ಒಂದ್ಸಲ ಮುಟ್ಟಿ ನೋಡಿ.

#ಶೆಟ್ಟಿಕೆರೆ #ಕಲ್ಪತರುನಾಡು #ಮಳೆಗಾಲದಸೈಕಲ್ #ಹೆಬ್ಬೆಟ್ಟುಊರಿ